ಹತ್ತೊಂಬತ್ತು ಗಂಟೆಯ ಮೆತ್ತೆ

ಜನವರಿ 6, ಮಂಗಳವಾರ

ಕಂಪನಿಯವರು ಪ್ರತಿ ವರ್ಷ ಕೊಡುವ ಡೈರಿಯನ್ನು ಈ ಸಲ ನಾನೇ ಇಟ್ಟುಕೊಂಡಿದ್ದೇನೆ. ಹಿಂದಿನವೆಲ್ಲ ಹೆಂಡತಿಯ ಕೈಗೆ ಹೋಗಿ ಅಡುಗೆ ಬರೆದುಕೊಳ್ಳುವ ಪುಸ್ತಕಗಳಾದವು. ನಿವೃತ್ತಿಗೆ ಇನ್ನು ನಾಲ್ಕು ತಿಂಗಳು. ಕೊನೆಯ ಕೆಲಸದ ವಿವರ ಒಂದು ಕಡೆ ಇರಲಿ ಎಂದು ಬರೆಯುತ್ತಿದ್ದೇನೆ.

ಕೆಲಸ ಇದು. ಎಲ್ಲೂ ಇಳಿಯದೆ ಹತ್ತೊಂಬತ್ತು ಗಂಟೆ ಹಾರುವ ವಿಮಾನಕ್ಕೆ ಅಗ್ಗದ ದರ್ಜೆಯ ಸೀಟು. ಇದುವರೆಗೆ ನಾವು ಮಾಡುತ್ತಿದ್ದ ಕುಶನ್ ನಾಲ್ಕು ಅಂಗುಲ ದಪ್ಪ. ಅಷ್ಟು ದೂರ ಹಾರಬೇಕಾದರೆ ತೂಕ ಇಳಿಸಬೇಕಂತೆ. ಹಾಗಾಗಿ ಎರಡೂಕಾಲು ಅಂಗುಲದಲ್ಲಿ ಮುಗಿಸಿ ಎಂದಿದ್ದಾರೆ. ಹಾರುವ ಹೊತ್ತು ಎರಡರಷ್ಟು, ಕೂರುವ ಮೆತ್ತೆ ಅರ್ಧದಷ್ಟು. ಮದುವೆಗೆ ನೂರು ಜನ ಹೆಚ್ಚಿಗೆ ಕರೆದು ಅಕ್ಕಿ ಕಡಿಮೆ ಮಾಡಿದ ಹಾಗೆ.

ಆಗುವುದಿಲ್ಲ ಎಂದು ಸಾಹೇಬರಿಗೆ ಹೇಳಿದೆ. "ಆಗುತ್ತೆ ಮಾಸ್ಟ್ರೇ, ನೀವು ಮಾಡಿದ್ರೆ ಆಗುತ್ತೆ" ಎಂದರು. ಈ ಆರ್ಡರ್ ಸಿಕ್ಕರೆ ಮಾದರಿ ಸೀಟು ಕಟ್ಟುವ ನಮ್ಮ ವಿಭಾಗ ಉಳಿಯುತ್ತದೆ, ಇಲ್ಲದಿದ್ದರೆ ಬೇಸಿಗೆಯ ಹೊತ್ತಿಗೆ ಮುಚ್ಚುತ್ತಾರೆ. ವಿಭಾಗದಲ್ಲಿ ನನ್ನನ್ನು ಬಿಟ್ಟು ಹನ್ನೊಂದು ಜನ. ನಿವೃತ್ತಿಯ ನಂತರವೂ ನನ್ನನ್ನು ಎರಡು ವರ್ಷ ಸಲಹೆಗಾರನಾಗಿ ಇಟ್ಟುಕೊಳ್ಳುತ್ತೇವೆ ಎಂದೂ ಹೇಳಿದರು.

ಅಡುಗೆಮನೆಯ ಕಟ್ಟೆಯ ಮೇಲೆ ಡೈರಿ ಇಟ್ಟು ನಿಂತೇ ಬರೆಯುತ್ತಿದ್ದೇನೆ. ದಿನವಿಡೀ ಸೀಟುಗಳ ನಡುವೆ ಇರುವವನಿಗೆ ಮನೆಯಲ್ಲೂ ಕುರ್ಚಿಯ ಮುಖ ನೋಡಲು ಬೇಸರ.

ಜನವರಿ 12, ಸೋಮವಾರ

ಪ್ರಯೋಗದ ಕ್ಯಾಬಿನ್ ಸಿದ್ಧವಾಯಿತು. ಶೆಡ್ಡಿನ ಒಳಗೆ ಹಲಗೆಯಲ್ಲಿ ಕಟ್ಟಿದ ವಿಮಾನದ ಒಂದು ತುಂಡು. ನಾಲ್ಕು ಸಾಲು, ಸಾಲಿಗೆ ಮೂರು ಸೀಟು. ಸಾಲಿನಿಂದ ಸಾಲಿಗೆ ಮೂವತ್ತೊಂದು ಅಂಗುಲ. ಕಿಟಕಿಗಳ ಹಿಂದೆ ಟ್ಯೂಬ್‌ಲೈಟು. ರೆಕ್ಕೆ ಇಲ್ಲ, ಬಾಲ ಇಲ್ಲ, ಹಾರುವ ಆಸೆಯೂ ಇಲ್ಲ.

ಇದರಲ್ಲಿ ಹನ್ನೆರಡು ಜನರನ್ನು ಹತ್ತೊಂಬತ್ತು ಗಂಟೆ ಕೂರಿಸುತ್ತಾರೆ. ಶೌಚಕ್ಕೆ ಮಾತ್ರ ಏಳಬಹುದು. ಗಂಟೆಗೊಮ್ಮೆ ಪ್ರತಿಯೊಬ್ಬರೂ ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಬರೆಯಬೇಕು. ಹದಿನೇಳನೆಯ ಗಂಟೆಯ ಸರಾಸರಿ ಐದು ದಾಟಬಾರದು. ದಾಟಿದರೆ ಸೀಟು ನಪಾಸು.

ಇದನ್ನೆಲ್ಲ ನೋಡಿಕೊಳ್ಳಲು ಅಳತೆ ವಿಭಾಗದಿಂದ ಒಬ್ಬ ಹುಡುಗಿ ಬಂದಿದ್ದಾಳೆ. ಇಂಜಿನಿಯರು. ಸೀಟಿನ ಮೇಲೆ ತೆಳ್ಳಗಿನ ಒಂದು ಚಾಪೆ ಹಾಸುತ್ತಾಳೆ. ಕೂತವರ ಭಾರ ಎಲ್ಲೆಲ್ಲಿ ಒತ್ತುತ್ತಿದೆ ಎಂದು ಪರದೆಯ ಮೇಲೆ ಬಣ್ಣದಲ್ಲಿ ಕಾಣುತ್ತದೆ. ನೀಲಿ ಇದ್ದರೆ ಸುಖ, ಕೆಂಪು ಇದ್ದರೆ ನೋವು.

"ನನ್ನ ಅಂಗೈ ಸಾಕಮ್ಮಾ ಇದಕ್ಕೆ" ಎಂದೆ.

"ನಿಮ್ಮ ಅಂಗೈನ ವರದಿಗೆ ಪಿನ್ ಮಾಡಿ ಕಳಿಸಕ್ಕಾಗಲ್ವಲ್ಲ ಮಾಸ್ಟ್ರೇ" ಎಂದಳು.

ಬಾಯಿ ಜೋರು. ಆದರೆ ಕೆಲಸ ಅಚ್ಚುಕಟ್ಟು.

ಮನೆಯಲ್ಲಿ ಹೇಳಿದಾಗ ಹೆಂಡತಿ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದಳು. "ಬರೀ ಕೂರೋದಕ್ಕೆ ಕರೀತಾರಾ? ನಿಮ್ಮ ತಮ್ಮನ್ನ ಕಳಿಸಿ. ಇಪ್ಪತ್ತು ವರ್ಷದಿಂದ ಅದೇ ಅಭ್ಯಾಸ ಮಾಡ್ತಿದಾನೆ."

ಆಮೇಲೆ, "ಊರಿಗೆಲ್ಲ ಸೀಟು ಮಾಡ್ತೀರಿ. ಈ ಅಡುಗೆಮನೆ ಕುರ್ಚಿಗೊಂದು ಕುಶನ್ ಮಾಡ್ಕೊಡಿ ಅಂತ ಹದಿನೈದು ವರ್ಷದಿಂದ ಹೇಳ್ತಿದೀನಿ" ಎಂದಳು. ಹದಿನೈದಲ್ಲ, ಹನ್ನೊಂದು. ಈ ಮನೆಗೆ ಬಂದೇ ಹನ್ನೊಂದು ವರ್ಷ.

ಜನವರಿ 19, ಸೋಮವಾರ

ಮೂರು ಪದರ ಮಾಡಿದ್ದೇನೆ. ಕೆಳಗೆ ಗಟ್ಟಿ ಫೋಮು, ನಡುವೆ ಮಧ್ಯಮ, ಮೇಲೆ ಮೆದು. ಹಿಂಭಾಗದಲ್ಲಿ ಕೂರುವ ಮೂಳೆ ಬರುವ ಕಡೆ ಅಂಗೈಯಗಲ ತಗ್ಗು. ತೊಡೆ ಮುಗಿಯುವ ಅಂಚನ್ನು ಉರುಟು ಮಾಡಿದೆ, ಇಲ್ಲದಿದ್ದರೆ ಕಾಲು ಜೋಮು ಹಿಡಿಯುತ್ತದೆ. ಹನ್ನೆರಡರಲ್ಲಿ ಮೊದಲನೆಯದು ಇವತ್ತು ಮುಗಿಯಿತು.

ಐದಕ್ಕೆ ಎಲ್ಲರೂ ಹೋದ ಮೇಲೆ ಎಂದಿನಂತೆ ಅದರ ಮೇಲೆ ಕೂತೆ. ಎರಡು ಗಂಟೆ.

ಅಪ್ಪ ಬಸ್ ಡಿಪೋದಲ್ಲಿ ಸೀಟು ಕಟ್ಟುತ್ತಿದ್ದ. ಅವನ ಬಾಯಲ್ಲಿ ಕುಶನ್ ಎಂಬ ಮಾತಿರಲಿಲ್ಲ, ಮೆತ್ತೆ ಎನ್ನುತ್ತಿದ್ದ. ಆಗ ಫೋಮಿಲ್ಲ, ನಾರು ತುಂಬಿ, ಮೇಲೆ ರೆಕ್ಸಿನ್ ಎಳೆದು ಮೊಳೆ ಹೊಡೆಯುವುದು. ಡ್ರೈವರ್ ಸೀಟು ಹೊಸದಾಗಿ ಕಟ್ಟಿದರೆ ಅದನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಮನೆಗೆ ತರುತ್ತಿದ್ದ. ಅಂಗಳದಲ್ಲಿ ನಾಲ್ಕು ಇಟ್ಟಿಗೆಯ ಮೇಲೆ ಇಟ್ಟು, ಬೆಳಕು ಆರುವವರೆಗೆ ಅದರ ಮೇಲೆ ಕೂತು ಪತ್ರಿಕೆ ಓದುತ್ತಿದ್ದ. ಅವನ ತೊಡೆಯ ಮೇಲೆ ನಾನು. ಅವನು ದಪ್ಪಕ್ಷರದ ಸುದ್ದಿ ಓದಿದರೆ ನಾನೂ ಹಾಗೇ ಹೇಳಬೇಕು. ನಾನು ಅಕ್ಷರ ಕಲಿತದ್ದು ಬಸ್ಸಿನ ಸೀಟಿನ ಮೇಲೆ. ಹೊಸ ರೆಕ್ಸಿನ್ ವಾಸನೆ ಬಂದರೆ ಈಗಲೂ ಸುದ್ದಿ ಓದಬೇಕು ಅನ್ನಿಸುತ್ತದೆ.

ನಾಳೆ ಕೊಡುವ ಸೀಟಿನ ಮೇಲೆ ಇವತ್ತು ಯಾಕೆ ಕೂರುತ್ತೀಯ ಎಂದು ಅಮ್ಮ ಕೇಳಿದರೆ ಒಂದೇ ಉತ್ತರ. "ಹೊಸ ಸೀಟು ಮೊದಲು ಮಾಡಿದವನಿಗೆ ನೋಯಬೇಕು. ಆಮೇಲೆ ಕೂರೋನಿಗೆ ನೋಯಲ್ಲ."

ಜನವರಿ 27, ಮಂಗಳವಾರ

ಏಳನೆಯ ಕುಶನ್ ಮುಗಿಯಿತು. ಸಂಜೆ ಎರಡು ಗಂಟೆ ಕೂತೆ. ಈ ಕ್ಯಾಬಿನ್ನಿನಲ್ಲಿ ಒಬ್ಬನೇ ಕೂರುವುದು ಹಿತವಾಗಿದೆ. ಟ್ಯೂಬ್‌ಲೈಟ್ ಆರಿಸಿದರೆ ಶೆಡ್ಡಿನ ಗಾಜಿನಿಂದ ಬರುವ ಬಿಸಿಲು ಕಿಟಕಿಗಳಲ್ಲಿ ಕೆಂಪಗೆ ಬೀಳುತ್ತದೆ, ನಮ್ಮ ಅಂಗಳದ ಬೆಳಕಿನ ಹಾಗೆ.

ಎದ್ದಾಗ ಸೊಂಟ ಹಿಡಿದಿತ್ತು. ಶೆಡ್ಡಿನಲ್ಲಿ ಗಾಳಿ ಜಾಸ್ತಿ.

"ಈಗ ಊಟಾನೂ ನಿಂತ್ಕೊಂಡೇನಾ? ಕುದುರೆ ಜಾತಿ ಆಗ್ಬಿಟ್ರಾ?" ಎಂದಳು ಹೆಂಡತಿ. ನಿಂತು ಉಂಡರೆ ಬೇಗ ಮುಗಿಯುತ್ತದೆ ಎಂದೆ.

ಫೆಬ್ರವರಿ 4, ಬುಧವಾರ

ನಿನ್ನೆ ಮೊದಲ ಪ್ರಯೋಗ. ಬೆಳಿಗ್ಗೆ ಐದಕ್ಕೆ ಶುರು, ಮಧ್ಯರಾತ್ರಿಗೆ ಮುಕ್ತಾಯ. ನಾನು ಪೂರ್ತಿ ಇದ್ದೆ, ಬಾಗಿಲ ಬಳಿ ನಿಂತು.

ಕೂರಲು ಬಂದವರಲ್ಲಿ ತೆಳ್ಳಗಿನವರು, ದಪ್ಪಗಿನವರು, ಎತ್ತರದವರು ಎಲ್ಲ ಇದ್ದರು. ಗಟ್ಟಿ ಆಸಾಮಿ ಎಂದರೆ ನಿವೃತ್ತ ಬಸ್ ಡ್ರೈವರ್ ಒಬ್ಬರು, ವಯಸ್ಸು ಎಪ್ಪತ್ತೊಂದು. ಮೂರನೆಯ ಸಾಲಿನಲ್ಲಿ ಕೂತು, "ಏನಮ್ಮಾ, ಸ್ಟೇರಿಂಗೇ ಕೊಟ್ಟಿಲ್ಲ! ಇಷ್ಟು ಹೊತ್ತು ಕೈ ಎಲ್ಲಿಟ್ಕೊಳ್ಲಿ?" ಎಂದು ಹುಡುಗಿಯನ್ನು ಕೇಳಿದರು.

ಆರನೆಯ ಗಂಟೆಯಲ್ಲಿ ನಾನು ನೀರು ಕೊಡಲು ಹೋದಾಗ ಮಾತಿಗೆ ಮಾತು ಬಂದು, ಅಪ್ಪ ಇದ್ದ ಡಿಪೋದಲ್ಲೇ ಅವರೂ ಇದ್ದದ್ದು ತಿಳಿಯಿತು.

"ಓಹೋ, ನೀವು ನಮ್ಮ ಮೆತ್ತೆ ಮಾಮನ ಮಗನಾ? ಮೊದ್ಲೇ ಹೇಳ್ಬಾರ್ದಾ! ಅವರು ಕಟ್ಟಿದ ಸೀಟಿಗೆ ನಾವು ಜಗಳ ಆಡ್ತಿದ್ವಿ ಕಣ್ರೀ. ಬೇರೆಯವರ ಹೊಸ ಸೀಟು ಒಂದು ತಿಂಗಳು ಕಲ್ಲು. ನಿಮ್ಮಪ್ಪನ ಸೀಟು ಡಿಪೋಗೆ ಬಂದ ದಿನಾನೇ ಹಳೇದಾಗಿರ್ತಿತ್ತು."

ಮೆತ್ತೆ ಮಾಮ. ಈ ಹೆಸರು ಕೇಳಿ ನಲವತ್ತು ವರ್ಷ ಆಯಿತು.

ಹದಿನೇಳನೆಯ ಗಂಟೆಯ ಸರಾಸರಿ 3.4. ಹುಡುಗಿ ಮೂರು ಸಲ ಕೂಡಿ ನೋಡಿದಳು. ಪರದೆಯ ಮೇಲೆ ಹೆಚ್ಚು ಕಡಿಮೆ ಎಲ್ಲ ನೀಲಿ. "ಎರಡೂಕಾಲು ಅಂಗುಲದಲ್ಲಿ ಇದು ಹೇಗೆ ಬಂತು ಮಾಸ್ಟ್ರೇ? ಲೆಕ್ಕದ ಪ್ರಕಾರ ಬರಬಾರದು" ಎಂದಳು. ಅಂಗೈ ತೋರಿಸಿದೆ.

ಇಷ್ಟು ಹೆಮ್ಮೆ ಪಟ್ಟದ್ದು ಯಾವಾಗ ಎಂದು ನೆನಪಿಲ್ಲ. ಅಪ್ಪ ಇರಬೇಕಿತ್ತು.

ಫೆಬ್ರವರಿ 18, ಬುಧವಾರ

ಕಾರ್ಖಾನೆಯವರು ನನ್ನ ಅಳತೆಯಂತೆಯೇ ಯಂತ್ರದಲ್ಲಿ ಕತ್ತರಿಸಿದ ಹನ್ನೆರಡು ಕುಶನ್ ಬಂದಿದ್ದವು. ಸೋಮವಾರ ಸಂಜೆ ಬಂದು ಮಂಗಳವಾರ ಬೆಳಿಗ್ಗೆ ಸೀಟಿಗೆ ಏರಿದವು. ಜನ ಅವರೇ, ಕ್ಯಾಬಿನ್ ಅದೇ. ಒಂಬತ್ತನೆಯ ಗಂಟೆಗೆ ಹೊರಳಾಟ ಶುರು. ದಪ್ಪಗಿನ ಟೀಚರಮ್ಮ ಒಬ್ಬರು ಹದಿನಾಲ್ಕನೆಯ ಗಂಟೆಗೆ ಎದ್ದು, "ಎಂಥ ತರಲೆ ಮಕ್ಕಳಿಗೂ ನಾನು ಈ ಶಿಕ್ಷೆ ಕೊಟ್ಟಿಲ್ಲಪ್ಪ" ಎಂದು ಹೊರಟೇಹೋದರು.

ಹದಿನೇಳನೆಯ ಗಂಟೆಯ ಸರಾಸರಿ 6.8.

ಫೆಬ್ರವರಿ 20, ಶುಕ್ರವಾರ

ಸಾಹೇಬರು ಸಭೆ ಕರೆದರು. ಕಾರ್ಖಾನೆಯಲ್ಲಿ ಕತ್ತರಿಸುವ ಯಂತ್ರ ನಡೆಸುವ ಹೆಂಗಸಿಗೆ ನೋಟಿಸ್ ಹೋಗಿದೆ, ಫೋಮಿನ ಪದರ ಅದಲು ಬದಲು ಮಾಡಿದ್ದಾಳೆ ಎಂದು. "ಮಾಸ್ಟರ್ ಮಾಡಿದ್ದು ಪಾಸು, ಅವಳು ಮಾಡಿದ್ದು ನಪಾಸು. ಇನ್ನೇನು ಬೇಕು? ಮೊದಲನೇ ವರದಿ ಕಳಿಸೋಣ" ಎಂದರು.

ಹುಡುಗಿ, "ಕಾರಣ ಗೊತ್ತಾಗೋವರೆಗೆ ನಾನು ಸಹಿ ಹಾಕಲ್ಲ ಸರ್" ಎಂದಳು. ಹತ್ತು ದಿನ ಸಮಯ ಸಿಕ್ಕಿದೆ.

ಫೆಬ್ರವರಿ 23, ಸೋಮವಾರ

ಯಂತ್ರದ ಹೆಂಗಸಿನ ಕುಶನ್ ಒಂದನ್ನು ಬಿಚ್ಚಿದೆ. ಪದರ ಸರಿ. ಅಂಟು ಸರಿ. ತಗ್ಗು ಸರಿ. ನಿಜ ಹೇಳಬೇಕೆಂದರೆ ಅಂಚು ನನ್ನದಕ್ಕಿಂತ ಚೆನ್ನಾಗಿದೆ. ತೂಗಿದೆವು. ಎರಡರದ್ದೂ ಒಂದೇ ತೂಕ.

ಹುಡುಗಿ ತಲೆ ಮೇಲೆ ಕೈ ಹೊತ್ತು ಕೂತಿದ್ದಾಳೆ. "ಒಂದೇ ಫೋಮು, ಒಂದೇ ಆಕಾರ, ಒಂದೇ ಜನ. ನಿಮ್ಮದರಲ್ಲಿ ಇದ್ದು ಅವರದರಲ್ಲಿ ಇಲ್ಲದ್ದು ಏನು ಮಾಸ್ಟ್ರೇ?"

ಗೊತ್ತಿಲ್ಲಮ್ಮ ಎಂದೆ.

ಫೆಬ್ರವರಿ 24, ಮಂಗಳವಾರ

ಗೊತ್ತಾಯಿತು.

ಊಟವಾದ ಮೇಲೆ ಈ ಡೈರಿಯನ್ನು ಮೊದಲಿನಿಂದ ತಿರುವಿದೆ, ಅಂಟು ಒಣಗಿಸಿದ ದಿನ ಎಲ್ಲಾದರೂ ಬರೆದಿದ್ದೇನೋ ಎಂದು. ಜನವರಿ 19: ಎರಡು ಗಂಟೆ ಕೂತೆ. ಜನವರಿ 27: ಎರಡು ಗಂಟೆ ಕೂತೆ. ಬರೆಯದ ದಿನಗಳಲ್ಲೂ ಕೂತಿದ್ದೇನೆ. ಹನ್ನೆರಡು ಕುಶನ್, ಹನ್ನೆರಡು ಸಂಜೆ. ಹೊಸ ಫೋಮು ಮೊದಲ ಸಲ ಭಾರ ಹೊತ್ತಾಗ ಅದರ ಬಿಗಿ ಮುರಿಯುತ್ತದೆ. ಭಾರ ಇಳಿಸಿ ಒಂದು ರಾತ್ರಿ ಬಿಟ್ಟರೆ ಹದಕ್ಕೆ ಬರುತ್ತದೆ, ಬಿಡದೆ ಕೂತೇ ಇದ್ದರೆ ಬರುವುದಿಲ್ಲ. ಇದು ನನಗೆ ಮೂವತ್ತೈದು ವರ್ಷದಿಂದ ಗೊತ್ತು. ಗೊತ್ತಿದ್ದೇ ಕೂರುತ್ತಿದ್ದೆ. ಆದರೆ ಕೂರುವುದು ಒಂದು ಕೆಲಸ ಎಂದು ಎಂದೂ ತಲೆಗೆ ಬಂದಿರಲಿಲ್ಲ. ಕೈ ತೊಳೆಯುವ ಹಾಗೆ, ದೀಪ ಆರಿಸುವ ಹಾಗೆ.

ಆ ಹನ್ನೆರಡು ಜನ ಹೊಸ ಸೀಟಿನ ಮೇಲೆ ಕೂರಲೇ ಇಲ್ಲ. ಬಂದ ದಿನವೇ ಹಳೆಯದಾದ ಸೀಟಿನ ಮೇಲೆ ಕೂತರು. ಯಂತ್ರದ ಹೆಂಗಸಿನ ತಪ್ಪು ಏನೂ ಇಲ್ಲ.

ಫೆಬ್ರವರಿ 25, ಬುಧವಾರ

ಇವತ್ತು ಹೇಳಲಿಲ್ಲ. ಹುಡುಗಿ ರಜೆಯಲ್ಲಿದ್ದಳು.

ಫೆಬ್ರವರಿ 26, ಗುರುವಾರ

ಇವತ್ತು ಹುಡುಗಿ ಇದ್ದಳು. ಹೇಳಲಿಲ್ಲ.

ಹೇಳಿದರೆ ಮೊದಲ ವರದಿ ಬಿದ್ದುಹೋಗುತ್ತದೆ, ಆರ್ಡರ್ ಕೈತಪ್ಪಬಹುದು, ಹನ್ನೊಂದು ಜನ ಮನೆಗೆ. ಹೇಳದಿದ್ದರೆ ಒಬ್ಬಳು ಮನೆಗೆ. ಆಮೇಲೆ ಕಾರ್ಖಾನೆಯಿಂದ ನೇರ ವಿಮಾನಕ್ಕೆ ಹೋಗುವ ಸಾವಿರಾರು ಸೀಟಿನ ಮೇಲೆ ಯಾರು ಯಾರೋ ಹತ್ತೊಂಬತ್ತು ಗಂಟೆ ಕೂರುತ್ತಾರೆ. ಅವರಿಗಿಂತ ಮೊದಲು ಅದರ ಮೇಲೆ ಕೂತು ನೋಯಿಸಿಕೊಂಡವರು ಯಾರೂ ಇರುವುದಿಲ್ಲ.

ಲೆಕ್ಕ ಹೀಗೂ ಬರುತ್ತದೆ, ಹಾಗೂ ಬರುತ್ತದೆ. ಆದರೆ ಒಂದು ವಿಷಯ. ಅಪ್ಪ ಸೀಟಿನ ಮೇಲೆ ಕೂರುತ್ತಿದ್ದದ್ದು ಬೀದಿಗೆ ಕಾಣುವ ಅಂಗಳದಲ್ಲಿ. ಮುಚ್ಚಿಟ್ಟಿರಲಿಲ್ಲ.

ಫೆಬ್ರವರಿ 27, ಶುಕ್ರವಾರ

ಹೇಳಿದೆ. ಡೈರಿಯನ್ನೇ ಮುಂದೆ ಇಟ್ಟೆ.

ಬೈಯುತ್ತಾಳೆ ಎಂದುಕೊಂಡಿದ್ದೆ. ಹುಡುಗಿ ಸ್ವಲ್ಪ ಹೊತ್ತು ಪುಟ ನೋಡಿ, ಪೆನ್ನು ತೆಗೆದುಕೊಂಡು, "ನಿಮ್ಮ ತೂಕ ಎಷ್ಟು ಮಾಸ್ಟ್ರೇ?" ಎಂದಳು.

"ಎಂಬತ್ತಾರು."

"ಊಟಕ್ಕೆ ಮುಂಚೇನಾ, ಆದ್ಮೇಲಾ?"

ನಗುತ್ತಿದ್ದಾಳೋ ಎಂದು ನೋಡಿದೆ. ಇಲ್ಲ, ನಿಜವಾಗಿ ಬರೆದುಕೊಳ್ಳುತ್ತಿದ್ದಳು. ಆಮೇಲೆ ಪೆನ್ನು ಕೆಳಗಿಟ್ಟು, "ಇಷ್ಟು ವರ್ಷ ಇಲ್ಲಿಂದ ಹೋದ ಮಾದರಿಗಳ ಮೇಲೆಲ್ಲ ಕೂತಿದ್ದೀರಾ?" ಎಂದಳು.

"ಒಂದೂ ಬಿಟ್ಟಿಲ್ಲ."

"ದೇವ್ರೇ" ಎಂದಳು.

ಸಾಹೇಬರ ಕೋಣೆಗೆ ಇಬ್ಬರೂ ಹೋದೆವು. ಅವರು ಕೂಗಾಡಿದ್ದನ್ನು ಇಲ್ಲಿ ಬರೆಯುವುದು ಬೇಡ. ಮೊದಲ ವರದಿ ರದ್ದು. ನೋಟಿಸ್ ವಾಪಸ್. ಅರ್ಧ ಅಂಗುಲ ಹೆಚ್ಚಿಸಿ, ಯಂತ್ರದಲ್ಲೇ ಕತ್ತರಿಸಿ, ಮೂರನೆಯ ಪ್ರಯೋಗ. ಅದೇ ಕೊನೆಯದು. ಸಲಹೆಗಾರನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮಾರ್ಚ್ 10, ಮಂಗಳವಾರ

ಹೊಸ ಕುಶನ್‌ಗಳು ಬಂದಿವೆ. ಕ್ಯಾಬಿನ್ ಬಾಗಿಲಿಗೆ ಹಗ್ಗ ಕಟ್ಟಿ ಹುಡುಗರು ಬೋರ್ಡ್ ಹಾಕಿದ್ದಾರೆ: "ಮಾಸ್ಟರ್ ಕೂರುವಂತಿಲ್ಲ." ಎಲ್ಲರೂ ನಕ್ಕರು. ನಾನೂ ನಕ್ಕೆ. ಐದಕ್ಕೆ ಎಲ್ಲರ ಜೊತೆ ಮನೆಗೆ ಹೊರಟೆ. ಈ ಹೊತ್ತಿನಲ್ಲಿ ನಮ್ಮ ಬೀದಿಗೆ ಇಷ್ಟು ಬಿಸಿಲು ಬರುತ್ತದೆ ಎಂದು ಗೊತ್ತಿರಲಿಲ್ಲ.

ಮಾದರಿ ಕುಶನ್ ಮಾಡುವಾಗ ಉಳಿದಿದ್ದ ಹೊಸ ಫೋಮು ಮನೆಗೆ ತಂದೆ. ಅಡುಗೆಮನೆಯ ಕುರ್ಚಿಗೆ ಅಳತೆ ತೆಗೆದು ಕತ್ತರಿಸಿ, ಹಳೆಯ ಪರದೆಯ ಬಟ್ಟೆಯಲ್ಲಿ ಹೊಲಿದೆ. ಹೆಂಡತಿ ಕೂತು ನೋಡಿ, "ಹನ್ನೊಂದು ವರ್ಷ ಕಾಯಿಸಿ ಕೊಟ್ಟಿದ್ದು ಕಲ್ಲು" ಎಂದಳು. ಹದ ಆಗಬೇಕು, ನಾನು ಎರಡು ಸಂಜೆ ಕೂರುತ್ತೇನೆ ಎಂದೆ. ಬೇಡ ಎಂದಳು.

ಮಾರ್ಚ್ 18, ಬುಧವಾರ

ನಿನ್ನೆ ಮೂರನೆಯ ಪ್ರಯೋಗ. ಟೀಚರಮ್ಮ ಬರಲಿಲ್ಲ. ಬರುವುದಿಲ್ಲ ಎಂದು ಕೈ ಮುಗಿದರಂತೆ. ಒಬ್ಬರು ಕಡಿಮೆಯಾದರೆ ಪ್ರಯೋಗ ನಡೆಯುವಂತಿಲ್ಲ. ಹುಡುಗಿ ನನ್ನ ಕಡೆ ನೋಡಿದಳು. "ಕೂರಬೇಡಿ ಅಂತ ಬೋರ್ಡ್ ಹಾಕಿದ್ದು ನಿನ್ನೆವರೆಗೆ. ಇವತ್ತು ಕೂತ್ಕೊಳ್ಳಿ. ಆದ್ರೆ ನಿಜ ಬರೀಬೇಕು."

ಹೀಗೆ ಮೂವತ್ತೈದು ವರ್ಷದಲ್ಲಿ ಮೊದಲ ಸಲ, ಹದ ಮಾಡಲು ಅಲ್ಲ, ಪ್ರಯಾಣಿಕನ ಹಾಗೆ ಹೊಸ ಸೀಟಿನ ಮೇಲೆ ಕೂತೆ. ಪಕ್ಕದಲ್ಲಿ ಡ್ರೈವರ್.

ಮೊದಲ ಗಂಟೆಗೇ ನಾಲ್ಕು ಬರೆದೆ. ಡ್ರೈವರ್ ಇಣುಕಿ ನೋಡಿದರು, ಅವರದು ಸೊನ್ನೆ. ಐದನೆಯ ಗಂಟೆಗೆ ನನ್ನದು ಆರು, ಅವರದು ಒಂದು. ಕೈ ಊರಿ ಆ ಕಡೆ ಈ ಕಡೆ ಸರಿಯುತ್ತಿದ್ದೆ.

"ನೀವೂ ನಿಮ್ಮಪ್ಪನ ತರಾನೇ" ಎಂದರು ಡ್ರೈವರ್.

"ಯಾಕೆ?"

"ಸೊಂಟ. ಕೊನೇ ಕೊನೇಲಿ ಡಿಪೋದಲ್ಲಿ ಅವರಿಗೆ ಕೂರೋಕೇ ಆಗ್ತಿರ್ಲಿಲ್ವಲ್ಲ. ನಿಂತೇ ಮೊಳೆ ಹೊಡೀತಿದ್ರು. ಹೊಸ ಗಟ್ಟಿ ಸೀಟಿನ ಮೇಲೆ ಕೂತೂ ಕೂತೂ ಸೊಂಟ ಹೋಗಿದೆ, ಇನ್ನು ಕೂರಬೇಡ ಅಂತ ಡಾಕ್ಟ್ರು ಹೇಳಿದ್ರು. ಕೇಳ್ತಾರಾ? ಮನೇಲಿ ಹೇಳಿರ್ಲಿಲ್ವಾ?"

ಹೇಳಿರಲಿಲ್ಲ. ಕೊನೆಯ ಆರೇಳು ವರ್ಷ ಅಪ್ಪ ಪತ್ರಿಕೆಯನ್ನು ಕಪಾಟಿನ ಮೇಲೆ ಹರಡಿ ನಿಂತು ಓದುತ್ತಿದ್ದ. ಊಟವೂ ನಿಂತೇ. ದಿನವಿಡೀ ಸೀಟುಗಳ ನಡುವೆ ಇರುವವನಿಗೆ ಕುರ್ಚಿ ಬೇಸರ ಎನ್ನುತ್ತಿದ್ದ. ನಾವು ನಂಬಿದ್ದೆವು. ಅದು ಅವನ ಗತ್ತು ಎಂದು ನೆಂಟರಿಗೆಲ್ಲ ಹೇಳಿಕೊಂಡು ನಕ್ಕಿದ್ದೆವು.

ಹದಿನೇಳನೆಯ ಗಂಟೆ. ಪಟ್ಟಿ ಕೈಯಿಂದ ಕೈಗೆ ದಾಟಿ ನನ್ನ ಬಳಿ ಕೊನೆಗೆ ಬಂತು. ಹನ್ನೊಂದು ಅಂಕ ಕಾಣುತ್ತಿದ್ದವು, ಕೂಡಿದರೆ ನಲವತ್ತೇಳು. ಪಾಸಾಗಲು ಒಟ್ಟು ಅರವತ್ತು ದಾಟಬಾರದು. ನಾನು ಹತ್ತು ಬರೆದರೂ ದಾಟುವುದಿಲ್ಲ ಎಂದು ತಿಳಿದದ್ದು ಆಮೇಲೆ. ಆ ಹೊತ್ತಿನಲ್ಲಿ ಕೂಡುವ ಸ್ಥಿತಿಯಲ್ಲಿ ಇರಲಿಲ್ಲ. ಐದು ಬರೆದುಬಿಡೋಣ ಅನ್ನಿಸಿತು. ಒಂಬತ್ತು ಬರೆದೆ.

ಸರಾಸರಿ 4.7. ಸೀಟು ಪಾಸು.

ಇಳಿಯುವಾಗ ಹುಡುಗಿ ಕೈ ಹಿಡಿದಳು. ಅವಳ ಪರದೆಯಲ್ಲಿ ನನ್ನ ಸೀಟೂ ನೀಲಿಯೇ. "ಸೀಟು ಸರಿಯಾಗಿದೆ ಮಾಸ್ಟ್ರೇ" ಎಂದಳು. "ನೀವು ಸರಿಯಾಗಿಲ್ಲ. ನಾಳೇನೇ ಡಾಕ್ಟರ ಹತ್ರ ಹೋಗಿ."

ಮಾರ್ಚ್ 27, ಶುಕ್ರವಾರ

ವಿಮಾನ ಕಂಪನಿಯ ಖರೀದಿಯವರ ಉತ್ತರ ಬಂತು. ಅರ್ಧ ಅಂಗುಲ ಹೆಚ್ಚಿನ ಕುಶನ್ ಒಪ್ಪಿಗೆ. ಆದರೆ ಮೊದಲು ಹೇಳಿದ್ದ ಹತ್ತು ವಿಮಾನಕ್ಕಲ್ಲ, ಆರಕ್ಕೆ. ವಿಭಾಗ ವರ್ಷದ ಕೊನೆಯವರೆಗಂತೂ ಉಳಿಯಿತು. ಯಂತ್ರದ ಹೆಂಗಸು ಫೋನ್ ಮಾಡಿ, "ನನ್ನ ಅಂಚು ಚೆನ್ನಾಗಿದೆ ಅಂತ ನೀವು ಅಂದ್ರಂತೆ ಅಣ್ಣಾ" ಎಂದಳು. ಅಷ್ಟೇ ಹೇಳಿ ಇಟ್ಟಳು.

ಕಾರ್ಖಾನೆಯಲ್ಲಿ ಪ್ರತಿ ಕುಶನ್ನನ್ನೂ ಯಂತ್ರದಿಂದ ಒತ್ತಿ ಹದ ಮಾಡಬಹುದೇ ಎಂದು ಹುಡುಗಿ ಲೆಕ್ಕ ಹಾಕುತ್ತಿದ್ದಾಳೆ. ಒತ್ತುವ ಭಾರದ ಜಾಗದಲ್ಲಿ ಎಂಬತ್ತಾರು ಎಂದು ಬರೆದಿದ್ದಾಳೆ.

ಡಾಕ್ಟರು ಸೊಂಟದ ಎಕ್ಸ್‌ರೇ ತೆಗೆಸಿ ನೋಡಿ, ಗಟ್ಟಿ ಜಾಗದಲ್ಲಿ ಕೂರಬೇಡಿ ಎಂದರು. ಅಪ್ಪನಿಗೆ ಹೇಳಿದ್ದೂ ಇದೇ ಇರಬೇಕು.

ಸಂಜೆ ಡೈರಿ ತೆಗೆದುಕೊಂಡು ಕಟ್ಟೆಯ ಬಳಿ ನಿಂತೆ. ಹೆಂಡತಿ ಕುರ್ಚಿ ಎಳೆದು ನನ್ನ ಹಿಂದೆ ಇಟ್ಟಳು.

"ಕೂತ್ಕೊಳ್ರೀ."

"ಅದು ನಿನ್ನದು. ಅಲ್ಲದೆ ಗಟ್ಟಿ."

"ಕೂತು ನೋಡಿ ಮೊದ್ಲು."

ಕೂತೆ. ಗಟ್ಟಿ ಇರಲಿಲ್ಲ. ಇದೇ ಫೋಮು, ಇದೇ ಪದರ. ನನ್ನ ಅಂಗೈಗೆ ಸುಳ್ಳು ಹೇಳಲು ಆಗುವುದಿಲ್ಲ. ಯಾರೋ ಇದರ ಬಿಗಿ ಮುರಿದಿದ್ದಾರೆ.

"ಹದಿನೇಳು ದಿನ ಆಯ್ತು" ಎಂದಳು. "ತರಕಾರಿ ಹೆಚ್ಚೋದು, ಬಟ್ಟೆ ಮಡಿಸೋದು, ಫೋನಲ್ಲಿ ನಮ್ಮಕ್ಕನ ಹತ್ರ ಜಗಳ ಆಡೋದು, ಎಲ್ಲಾ ಇದರ ಮೇಲೇನೇ. ಕುಶನ್ ಮಾಡ್ಕೊಡಿ ಅಂತ ನಾನು ಕೇಳ್ತಿದ್ದದ್ದು ನನಗೆ ಅಂತ ಅಂದ್ಕೊಂಡಿದ್ರಾ? ನೀವು ಒಂದು ದಿನ ಆದ್ರೂ ಮನೇಲಿ ಕೂರ್ಲಿ ಅಂತ."

"ನಿನಗೆ ನೋಯಲಿಲ್ವಾ?"

"ಮೊದಮೊದಲು" ಎಂದು ಹೇಳಿ ಒಲೆಯ ಕಡೆ ತಿರುಗಿದಳು.

ಇವತ್ತಿನದನ್ನು ಕೂತು ಬರೆದಿದ್ದೇನೆ.